ತಳದ ಸಾಮಾನು

ಕಂಪ್ಯೂಟರ್ ಬರುವುದಕ್ಕೆ ಮೊದಲು ನಮ್ಮ ಸ್ಟೋರ್ ಕೋಣೆಯ ಗೋಡೆ ಒಡೆದರು.

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆಯ ಪಕ್ಕ, ಕೆಂಪು ಕಲ್ಲು ಸೀಳಿ ಪಾಲಿಶ್ ಮಾಡುವ ಕಾರ್ಖಾನೆ ಅದು. ಕಲ್ಲಿನ ಖಣಿಯೂ ಅದೇ ಸಾವುಕಾರರದು. ಸ್ಟೋರ್‌ಕೀಪರ್ ಕೆಲಸ ನನ್ನದು. ಖಣಿಗೆ ಬೇಕಾಗುವ ಡ್ರಿಲ್ ರಾಡು, ಕಂಪ್ರೆಸರಿನ ಬೆಲ್ಟು, ಬೇರಿಂಗು, ಗಾಳಿಯ ರಬ್ಬರ್ ಪೈಪು, ಪಾಲಿಶ್ ಮಾಡುವ ಸಾಣೆಕಲ್ಲು, ಗ್ರೀಸು, ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಈಗ ಗೋಡೆಯಲ್ಲಿ ಒಂದು ಕೈ ತೂರುವಷ್ಟು ಕಿಂಡಿ ತೆಗೆದು ಗಾಜಿನ ಬಾಗಿಲು ಕೂರಿಸಿದರು. ಧೂಳು ಹೋಗಬಾರದಂತೆ. ಆ ಕಡೆಯ ಕೋಣೆಗೆ ನೆಲಕ್ಕೆ ಜಮಖಾನೆ, ಕಿಟಕಿಗೆ ಪರದೆ, ತಂಪು ಮಾಡುವ ಯಂತ್ರ. ಈ ಕಡೆ ನಾನು, ತಗಡಿನ ಮಾಡು, ಮೂಗಿನೊಳಗೆ ಕಲ್ಲಿನ ಹಿಟ್ಟು. ಹೊಟ್ಟೆ ಉರಿಯುವುದಕ್ಕೆ ಅಷ್ಟೇ ಸಾಕಾಗಿತ್ತು.

ಅದು ಎಂಬತ್ತರ ದಶಕದ ಕೊನೆಯ ಹೊತ್ತು. ಆಗ ನಮ್ಮದು ಇನ್ನೂ ಬಿಜಾಪುರ ಜಿಲ್ಲೆ. ಕಂಪ್ಯೂಟರ್ ಎಂಬುದನ್ನು ನಾವು ಪೇಪರಿನಲ್ಲಿ ನೋಡಿದ್ದೆವು, ಅಷ್ಟೇ. ಸಾವುಕಾರರು ಮುಂಬಯಿಗೆ ಹೋದಾಗ ಅವರ ಗಿರಾಕಿಯೊಬ್ಬರ ಆಫೀಸಿನಲ್ಲಿ ನೋಡಿ ಮರುಳಾಗಿ ಬಂದಿದ್ದರು. ಬಂದವರೇ ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಹೇಳಿದರು.

"ಇನ್ ಮ್ಯಾಲೆ ಏನ್ ಖರೀದಿ ಮಾಡಬೇಕು, ಯಾವಾಗ ಮಾಡಬೇಕು ಅಂತ ಮಿಷನ್ನ ಹೇಳತೈತಿ. ಬೆಲ್ಟ್ ತೀರೇತಿ, ರಾಡ್ ತೀರೇತಿ ಅಂತ ನನ್ನ ಮನೀತನಕ ಓಡಿ ಬರೂದು ಬಂದ್."

ಡ್ರಿಲ್ ಮಿಸ್ತ್ರಿ ನನ್ನ ಪಕ್ಕದಲ್ಲಿ ನಿಂತಿದ್ದರು. ಖಣಿಯಲ್ಲಿ ಕಲ್ಲಿಗೆ ತೂತು ಹಾಕುವ ತಂಡದ ಹಿರಿಯರು, ಮುಸ್ಲಿಮರು, ಬಾಯಿ ಸುಮ್ಮನಿರದ ಮನುಷ್ಯ. ನನ್ನ ಕಿವಿಯ ಹತ್ತಿರ ಬಂದು, "ಭಾಯಿ, ನಿನ್ನ ಕೆಲಸ ಹೋತು. ಇನ್ ಆ ಮಿಷನ್ನಿಗೆ ಚಾ ತಂದ್ ಕೊಡು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ನಗು ಇರಲಿಲ್ಲ.

ನಾನು ಓದಿದ್ದು ಐದನೆಯ ಇಯತ್ತೆ. ಓದು ಬರಹ ತಕ್ಕಮಟ್ಟಿಗೆ ಬರುತ್ತದೆ, ಇಂಗ್ಲಿಷ್ ಅಕ್ಷರ ಗುರುತು ಹಿಡಿಯುತ್ತೇನೆ. ನನ್ನ ಬೆಲೆ ಇದ್ದದ್ದು ಓದಿನಲ್ಲಲ್ಲ. ಯಾವ ಸಾಮಾನು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಮತ್ತೊಂದು ಇತ್ತು. ಅದನ್ನೇ ಹೇಳುವುದಕ್ಕೆ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಅವ್ವ ಜೋಳದ ಗಡಿಗೆಯನ್ನು ಎಂದೂ ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ತಳ ಕಾಣಬಾರದು ಎನ್ನುತ್ತಿದ್ದಳು. ಹೊಸ ಜೋಳ ಬಂದರೆ ತಳದ ಹಳೆಯದರ ಮೇಲೆಯೇ ಸುರಿಯಬೇಕು. ನಮ್ಮ ಕಡೆ ಎಲ್ಲರ ಮನೆಯಲ್ಲಿಯೂ ಇದ್ದ ಪದ್ಧತಿ ಇದು. ನಾನು ಸ್ಟೋರಿಗೆ ಬಂದಾಗ ಅದನ್ನೇ ಇಲ್ಲಿಯೂ ತಂದೆ. ಹೊಸ ಸಾಮಾನು ಬಂದಾಗಲೆಲ್ಲ ಒಂದೋ ಎರಡೋ ತೆಗೆದು ಬೇರೆ ಇಡುತ್ತಿದ್ದೆ. ಹಳೆಯ ಕಂಪ್ರೆಸರಿನ ಖಾಲಿ ಟ್ಯಾಂಕು ಸ್ಟೋರಿನ ಮೂಲೆಯಲ್ಲಿ ಬಿದ್ದಿತ್ತು. ಅದರ ಹಿಂದೆ, ಗೋಣಿ ಚೀಲಗಳ ಕೆಳಗೆ ನನ್ನ ತಳ. ಬೇರಿಂಗಿಗೆ ತುಕ್ಕು ಹಿಡಿಯಬಾರದೆಂದು ಗ್ರೀಸು ಸವರಿ, ಮನೆಯಿಂದ ತಂದ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ಇಡುತ್ತಿದ್ದೆ. ಒಂದು ಮೊಳೆಯನ್ನೂ ಮನೆಗೆ ಒಯ್ದವನಲ್ಲ. ಆದರೆ ತಳದಲ್ಲಿ ಏನಿದೆ, ಎಷ್ಟಿದೆ ಎಂಬುದು ನನಗೊಬ್ಬನಿಗೇ ಗೊತ್ತು.

ಅದರಿಂದ ಬರುತ್ತಿದ್ದ ಮರ್ಯಾದೆ ಎಂಥದ್ದು! ಖಣಿಯಲ್ಲಿ ಕೆಲಸ ನಿಂತಿದೆ, ಬೆಲ್ಟ್ ಹರಿದಿದೆ, ಹುಬ್ಬಳ್ಳಿಯಿಂದ ಬರಬೇಕೆಂದರೆ ಟ್ರಂಕ್ ಕಾಲ್ ಹಚ್ಚಿ ಲಾರಿ ಆಫೀಸಿನ ಮುಂದೆ ಕಾಯಬೇಕು. ಎಲ್ಲರೂ ತಲೆಯ ಮೇಲೆ ಕೈ ಹೊತ್ತಾಗ ನಾನು ಸುಮ್ಮನೆ ಒಳಗೆ ಹೋಗಿ ಒಂದು ಬೆಲ್ಟ್ ಹಿಡಿದುಕೊಂಡು ಬರುತ್ತಿದ್ದೆ. "ಎಲ್ಲಿತ್ತೋ ಇದು?" ಎಂದರೆ, "ಇತ್ರಿ" ಎನ್ನುತ್ತಿದ್ದೆ. ಆ 'ಇತ್ರಿ' ಎನ್ನುವುದರಲ್ಲಿಯೇ ನನ್ನ ಸಾಲಿ, ಕಾಲೇಜು ಎಲ್ಲ ಇತ್ತು.

ಕಂಪ್ಯೂಟರ್ ನಡೆಸಲು ಒಬ್ಬರು ಬೇಕಾಗಿತ್ತು. ಟೈಪಿಂಗ್ ಬರುವವರು ಬೇಕು ಎಂದು ಸಾವುಕಾರರು ಹುಡುಕುತ್ತಿದ್ದಾಗ ನಾನೇ ಹೇಳಿದೆ, ನಮ್ಮ ಅಕ್ಕನಿಗೆ ಬರುತ್ತದೆ ಎಂದು. ಅಕ್ಕ ಮೆಟ್ರಿಕ್ ಮುಗಿಸಿದವಳು. ಬದಾಮಿ ಕಡೆಗೆ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಬಾಳುವೆ ನಡೆಯಲಿಲ್ಲ, ತಿರುಗಿ ಬಂದಳು. ಬಂದವಳು ಅಳುತ್ತ ಕೂರಲಿಲ್ಲ. ಬಾಗಲಕೋಟೆಯಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿದ್ದು ಇಂಗ್ಲಿಷ್, ಕನ್ನಡ ಎರಡೂ ಟೈಪಿಂಗ್ ಕಲಿತು ಪರೀಕ್ಷೆ ಪಾಸು ಮಾಡಿಕೊಂಡು ಬಂದಳು. ಆಮೇಲೆ ನಮ್ಮ ಮನೆಯಲ್ಲಿದ್ದಳು. ನನ್ನ ಹೆಂಡತಿಗೂ ಅವಳಿಗೂ ಜಗಳವಿರಲಿಲ್ಲ. ಆದರೆ ತಮ್ಮನ ಮನೆಯಲ್ಲಿ ಎಷ್ಟು ದಿನ ಎಂಬ ಮಾತು ಅವಳ ಮುಖದ ಮೇಲೆ ಬರೆದ ಹಾಗೆ ಇರುತ್ತಿತ್ತು.

ಸಾವುಕಾರರು ಅವಳನ್ನು ನೋಡಿ ಒಪ್ಪಿದರು. ಒಂದು ಕರಾರು ಹಾಕಿದರು.

"ಮೂರು ತಿಂಗಳು ನೋಡೂಣು. ಸ್ಟೋರಿನ್ಯಾಗ ಇದ್ದ ಸಾಮಾನು, ಮಿಷನ್ನಿನ್ಯಾಗ ಇದ್ದ ಲೆಕ್ಕ, ಎರಡೂ ಕೂಡಬೇಕು. ಕೂಡಿದ್ರ ನೌಕರಿ ಪರ್ಮನೆಂಟ್. ಇಲ್ಲಂದ್ರ ಹುಬ್ಬಳ್ಳಿಯಿಂದ ಕಲ್ತವರನ್ನ ಕರಸ್ತೇನಿ. ಬ್ಯಾಸರಾ ಮಾಡಕೋಬಾರದು."

"ಕೂಡತೈತ್ರಿ" ಎಂದಳು ಅಕ್ಕ. ಮನೆಗೆ ಬರುವಾಗ ದಾರಿಯಲ್ಲಿ, "ತಮ್ಮಾ, ಇದೊಂದು ಗಟ್ಟಿ ಆದ್ರ ನಾ ಪ್ಯಾಟ್ಯಾಗ ಬಾಡಿಗೀಗೆ ಒಂದು ಕೋಲಿ ಹಿಡೀತೇನಿ. ನಿಮ್ಮ ಮನೀಗೆ ಹಬ್ಬಕ್ಕ ಬರ್ತೇನಿ, ಅಕ್ಕನಾಗಿ" ಎಂದಳು. ಅಷ್ಟೇ ಅವಳ ಆಸೆ. ಆಗ ನನಗೂ ಬಹಳ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಆಗಿತ್ತು.

ಕಂಪ್ಯೂಟರ್ ಕೂರಿಸಲು, ಲೆಕ್ಕ ಹಳಿಗೆ ಬರುವ ತನಕ ಇರಲು ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ಬಂದ. ಬಾಗಲಕೋಟೆಯ ತನಕ ರೈಲಿನಲ್ಲಿ ಬಂದವನು ದಾರಿಯಲ್ಲಿ ಅಮೀನಗಡದಲ್ಲಿ ಬಸ್ಸಿಳಿದು ಕರದಂಟು ಕೊಂಡು ತಂದಿದ್ದ. ಅದನ್ನೇ ಕಂಪ್ಯೂಟರಿಗೆ ನೈವೇದ್ಯ ಹಿಡಿದು ಹಂಚಿದೆವು. ಹುಡುಗ ಒಳ್ಳೆಯವನು, ಆದರೆ ಅವನ ಪದ್ಧತಿಗಳು ನನ್ನ ತಲೆ ತಿಂದವು. ಮೊದಲನೆಯದು ನಂಬರು. ಪ್ರತಿಯೊಂದು ಸಾಮಾನಿಗೂ ನಂಬರು ಕೊಡಬೇಕಂತೆ. ನಾನು ಒಂದೊಂದೇ ಎತ್ತಿ ತೋರಿಸುವುದು, ಅವನು ಬರೆಯುವುದು, ಅಕ್ಕ ಟೈಪ್ ಮಾಡುವುದು. ಉದ್ದ ರಾಡಿಗೆ ಒಂದು ನಂಬರು, ಗಿಡ್ಡ ರಾಡಿಗೆ ಒಂದು, ಅದೇ ರಾಡು ಬೇರೆ ಅಂಗಡಿಯಿಂದ ಬಂದರೆ ಮತ್ತೊಂದು.

"ಇದು ರಾಡ್ ಅಲ್ಲೇನ್ರಿ? ರಾಡಿಗೆ ರಾಡ್ ಅಂದ್ರ ಏನ್ ಆಕ್ಕೈತಿ?" ಎಂದೆ.

"ಸ್ವಾಮಿ, ಅದಕ್ಕೆ ಹೆಸರು ಗೊತ್ತಾಗಲ್ಲ. ನಂಬರ್ ಮಾತ್ರ ಗೊತ್ತಾಗೋದು" ಎಂದ ಅವನು.

"ಹೆಸರು ಗೊತ್ತಾಗದವನ ಕೈಯಾಗ ಸ್ಟೋರ್ ಕೊಡಾಕತ್ತೇರಿ" ಎಂದೆ. ಕಿಂಡಿಯ ಆ ಕಡೆಯಿಂದ ಅಕ್ಕ, "ತಮ್ಮಾ, ಸುಮ್ಮ ನಂಬರ್ ಹೇಳು" ಎಂದಳು.

ಅವನ ಕ್ರಮ ಹೀಗಿತ್ತು. ಯಾರಿಗೇ ಸಾಮಾನು ಕೊಟ್ಟರೂ ಚೀಟಿ ಬರೆದು ಕಿಂಡಿಯಲ್ಲಿ ಹಾಕಬೇಕು. ಅಕ್ಕ ಟೈಪ್ ಮಾಡಿದರೆ ಅಷ್ಟು ಕಡಿಮೆಯಾಗುತ್ತದೆ. ಹೊಸ ಸಾಮಾನು ಬಂದರೆ ಇನ್ನೊಂದು ಬಣ್ಣದ ಚೀಟಿ, ಅದು ಹೆಚ್ಚಾಗುತ್ತದೆ. ಪ್ರತಿ ಸಾಮಾನಿಗೂ ಇಷ್ಟಕ್ಕಿಂತ ಕಡಿಮೆಯಾಗಬಾರದು ಎಂದು ಒಂದು ಗಡಿ ಹಾಕಿದ. ಲೆಕ್ಕ ಆ ಗಡಿಯ ತನಕ ಇಳಿದ ಕೂಡಲೇ ಕಂಪ್ಯೂಟರು ಖರೀದಿಯ ಆರ್ಡರನ್ನು ತಾನೇ ಛಾಪಿಸುತ್ತದೆ. ಸಾವುಕಾರರು ಸಹಿ ಹಾಕಿದರೆ ಅದು ಹುಬ್ಬಳ್ಳಿಗೋ ಮುಂಬಯಿಗೋ ಟಪಾಲಿನಲ್ಲಿ ಹೋಗುತ್ತದೆ. ಲೆಕ್ಕದಲ್ಲಿ ಸಾಮಾನು ಇಲ್ಲದಿದ್ದರೆ ಕೊಟ್ಟ ಚೀಟಿಯನ್ನು ಯಂತ್ರ ತೆಗೆದುಕೊಳ್ಳುವುದೇ ಇಲ್ಲ. ಇಲ್ಲದ್ದನ್ನು ಹೇಗೆ ಕೊಡುತ್ತೀರಿ ಎಂದು ಕೇಳುತ್ತದೆ.

ಮೊದಲ ಎಣಿಕೆಯ ದಿನ ಕಪಾಟಿನಲ್ಲಿದ್ದದ್ದನ್ನೆಲ್ಲ ತೋರಿಸಿದೆ. "ಇಷ್ಟೇನಾ?" ಎಂದು ಎಂಜಿನಿಯರ್ ಕೇಳಿದ. ಟ್ಯಾಂಕಿನ ಕಡೆಗೆ ನೋಡಲಿಲ್ಲ ನಾನು. "ಇಷ್ಟರಿ" ಎಂದೆ.

ಆಗ ಅದು ಸುಳ್ಳು ಎನಿಸಲಿಲ್ಲ. ಗಡಿಗೆಯಲ್ಲಿ ಎಷ್ಟಿದೆ ಎಂದರೆ ಯಾರೂ ತಳವನ್ನು ಸೇರಿಸಿ ಹೇಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಶುರುವಾಯಿತು ಕಾಟ. ಕರೆಂಟು ಹೋಗುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಆದರೆ ಅಕ್ಕ ಟೈಪ್ ಮಾಡುತ್ತಿರುವಾಗಲೇ ಹೋದರೆ ಬೆಳಗಿನಿಂದ ಮಾಡಿದ್ದೆಲ್ಲ ಮಾಯ. ಮತ್ತೆ ಮೊದಲಿನಿಂದ. ಛಾಪಿಸುವ ಯಂತ್ರ ಕಾಗದವನ್ನು ಓರೆಯಾಗಿ ನುಂಗಿ ಕರಕರ ಎನ್ನುತ್ತ ನಿಲ್ಲುವುದು. ಹುಡುಗರು ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುವುದು, ಅಕ್ಕ ಬೈಯುವುದು. ಮಿಸ್ತ್ರಿಯಂತೂ ಚೀಟಿಗೆ ಸಹಿ ಹಾಕಲು ಒಲ್ಲೆ ಎಂದರು.

"ಇಷ್ಟು ವರ್ಷ ಬಾಯಿ ಮಾತಿನ ಮ್ಯಾಲೆ ನಡದೈತಿ. ಈಗ ಒಂದು ನಟ್ ಬೋಲ್ಟಿಗೆ ಲಗ್ನಪತ್ರ ಬರೀಬೇಕೇನೋ?"

"ನಾ ಏನ್ ಮಾಡ್ಲಿ ಮಿಸ್ತ್ರೀ? ಒಳಗಿನ ದೇವರು ಕೇಳತೈತಿ."

"ದೇವರಿಗೆ ಆದ್ರೂ ಕಾಯಿ ಒಡದ್ರ ಸಾಕು" ಎಂದು ಗೊಣಗುತ್ತ ಸಹಿ ಹಾಕಿದರು.

ಒಂದು ತಿಂಗಳು ತುಂಬುವ ಮೊದಲೇ ಮೊದಲ ಪೆಟ್ಟು ಬಿತ್ತು. ಖಣಿಯಲ್ಲಿ ಹೊಸ ಮುಖ, ಎಂದರೆ ಕಲ್ಲು ಸೀಳುವ ಹೊಸ ಬದಿ, ತೆರೆದಿದ್ದರು. ಅಲ್ಲಿಯ ಕಲ್ಲು ಬಹಳ ಗಟ್ಟಿ, ರಾಡುಗಳು ಮುರಿದೇ ಮುರಿದವು. ಎಂಜಿನಿಯರ್ ಹಾಕಿದ ಗಡಿ ಹಳೆಯ ಕಲ್ಲಿಗೆ ಸರಿಯಾಗಿತ್ತು, ಈ ಕಲ್ಲಿಗಲ್ಲ. ಕಂಪ್ಯೂಟರ್ ಆರ್ಡರ್ ಛಾಪಿಸಿತು, ಸರಿ. ಸಹಿ ಹಾಕಬೇಕಾದ ಸಾವುಕಾರರು ಮುಂಬಯಿಯಲ್ಲಿ. ಮೊದಲಾಗಿದ್ದರೆ ನಾನು ಅಂಚೆ ಕಚೇರಿಗೆ ಹೋಗಿ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚುತ್ತಿದ್ದೆ, ಮರುದಿನ ಲಾರಿಯಲ್ಲಿ ರಾಡು ಬರುತ್ತಿತ್ತು. ಈಗ ಸಹಿಯಿಲ್ಲದೆ ಖರೀದಿ ಇಲ್ಲ ಎಂದು ಹೊಸ ಕಟ್ಟಳೆ. ಆರ್ಡರ್ ಮೇಜಿನ ಮೇಲೆ ಗಾಳಿಗೆ ಪಟಪಟ ಎನ್ನುತ್ತಿತ್ತು, ಖಣಿಯಲ್ಲಿ ರಾಡು ಮುಗಿದಿತ್ತು.

ಮಿಸ್ತ್ರಿ ಬಂದು ಬಾಗಿಲಲ್ಲಿ ನಿಂತರು. "ಹುಡುಗೂರು ಖಾಲಿ ಕುಂತಾರ ಭಾಯಿ. ಅವರ ಪಗಾರ ಯಾರ್ ಕೊಡ್ತಾರ? ನಿನ್ನ ಮಿಷನ್ ಕೊಡತೈತೇನ್?"

ನಾನು ಟ್ಯಾಂಕಿನ ಹಿಂದೆ ಹೋಗಿ ರಾಡುಗಳನ್ನು ತಂದೆ. ಚೀಟಿ ಬರೆಯುವ ಹಾಗಿರಲಿಲ್ಲ, ಲೆಕ್ಕದಲ್ಲಿ ಅವು ಇರಲೇ ಇಲ್ಲ. ಸುಮ್ಮನೆ ಕೊಟ್ಟೆ. ಮಿಸ್ತ್ರಿಯ ಮುಖ ಅರಳಿತು.

"ನೀ ಇರೂತನಕ ಈ ಊರಿಗೆ ಕಂಪ್ಯೂಟರ್ ಯಾಕ ಬೇಕೋ!" ಎಂದು ಬೆನ್ನಿಗೆ ಗುದ್ದಿದರು.

ಆ ಗುದ್ದು ಎಷ್ಟೋ ದಿನ ನನ್ನ ಬೆನ್ನ ಮೇಲೆ ಬೆಚ್ಚಗೆ ಇತ್ತು. ಗಾಜಿನ ಕಿಂಡಿ ಮುಚ್ಚಿತ್ತು. ಆ ಕಡೆ ಅಕ್ಕ ಏನೋ ಟೈಪ್ ಮಾಡುತ್ತಿದ್ದಳು.

ಹೊಸ ರಾಡು ಬಂದಾಗ ನಾನು ಎಂದಿನಂತೆ ಮೊದಲು ತಳ ತುಂಬಿದೆ. ಕೊಟ್ಟಷ್ಟನ್ನು ತೆಗೆದು ಟ್ಯಾಂಕಿನ ಹಿಂದೆ ಇಟ್ಟೆ. ಸಾಮಾನು ಬಂದ ಚೀಟಿಯಲ್ಲಿ ಮಾತ್ರ ಬಿಲ್ಲಿನಲ್ಲಿದ್ದಷ್ಟನ್ನೂ ಬರೆದು ಕೊಟ್ಟೆ. ಬೆಲ್ಟಿಗೂ ಹಾಗೆಯೇ ಆಯಿತು, ಪೈಪಿಗೂ. ತಿಂಗಳ ಕೊನೆಗೆ ಎಣಿಕೆ ಮಾಡಿದರೆ ಕಪಾಟಿನಲ್ಲಿ ರಾಡು ಕಡಿಮೆ, ಬೆಲ್ಟು ಕಡಿಮೆ, ಪೈಪು ಕಡಿಮೆ.

ಎಂಜಿನಿಯರ್ ಪಟ್ಟಿಯನ್ನು ಎರಡು ಸಲ ನೋಡಿದ. "ಆಪರೇಟರ್ ತಪ್ಪು" ಎಂದ. "ಚೀಟಿ ಎಲ್ಲೋ ಬಿಟ್ಟುಹೋಗಿದೆ, ಇಲ್ಲ ನಂಬರ್ ತಪ್ಪು ಹೊಡೆದಿದ್ದಾರೆ. ಮೊದಮೊದಲು ಆಗುತ್ತೆ ಮೇಡಂ."

ಅಕ್ಕನ ಕಿವಿ ಕೆಂಪಾಯಿತು. ಮರುದಿನವೇ ತಿಂಗಳ ಎಲ್ಲ ಚೀಟಿಗಳನ್ನೂ ಮೊದಲಿನಿಂದ ಮತ್ತೆ ಟೈಪ್ ಮಾಡಲು ಕೂತಳು. ಕರೆಂಟ್ ಹೋದಾಗಲೆಲ್ಲ ಎದ್ದು ಬಂದು ಕಟ್ಟೆಯ ಮೇಲೆ ಕೂತು, ಬೆರಳು ನೆಟಿಕೆ ಮುರಿದು, ಬಂದ ಕೂಡಲೇ ಮತ್ತೆ ಒಳಗೆ. ಎಲ್ಲ ಆದ ಮೇಲೆ ಲೆಕ್ಕ ಮೊದಲಿನ ಹಾಗೆಯೇ ಬಂತು. ಒಂದು ಅಂಕಿಯೂ ಬದಲಾಗಲಿಲ್ಲ.

ಆಗ ಅವಳು ತಾನೇ ಹೊಸ ಪದ್ಧತಿ ತಂದಳು. ಚೀಟಿಗಳಿಗೆ ಮೊದಲೇ ಸಾಲು ನಂಬರು ಹಾಕಿ ನನಗೆ ಕೊಡುವುದು. ಒಂದು ಕಡಿಮೆಯಾದರೂ ಸಂಜೆಯೇ ಗೊತ್ತಾಗಬೇಕು. ತೆಗೆದುಕೊಂಡವರು, ಕೊಟ್ಟವರು ಇಬ್ಬರೂ ಸಹಿ ಹಾಕಬೇಕು. ಎಂಜಿನಿಯರ್ ಕೂಡ ತಲೆದೂಗಿದ. ನನಗೆ ಮಾತ್ರ ಬಲೆ ಹತ್ತಿರ ಬಂದ ಹಾಗಾಯಿತು. ಒಂದು ಸಂಜೆ ಮನೆಯ ಪಡಸಾಲೆಯಲ್ಲಿ ಚೀಟಿಗಳ ಕಟ್ಟು ಮುಂದೆ ಇಟ್ಟುಕೊಂಡು ಅವಳು ಕೇಳಿಯೇ ಬಿಟ್ಟಳು.

"ತಮ್ಮಾ, ನೀ ಯಾರಿಗರ ಚೀಟಿ ಇಲ್ದ ಸಾಮಾನು ಕೊಡ್ತಿಯೇನೋ?"

"ಇಲ್ಲಕ್ಕಾ."

"ಮಿಸ್ತ್ರಿ ಜುಲ್ಮಿ ಮಾಡ್ತಾರ ನನಗ ಗೊತ್ತೈತಿ. ಕೊಟ್ಟಿದ್ರ ಹೇಳು, ಬೈಯೂದಿಲ್ಲ. ಹೆಂಗರ ಮಾಡಿ ಬರಕೋತೇನಿ."

"ಇಲ್ಲಂದ್ನೆಲ್ಲಾ. ನನ್ನ ಮ್ಯಾಲೆ ಯಾಕ ಬರ್ತಿ? ನಿನ್ನ ಮಿಷನ್ನ ಸರಿ ಇಲ್ಲ, ನೋಡ್ಕೋ ಹೋಗು."

ಸಿಟ್ಟು ಮಾಡಿಯೇ ಹೇಳಿದೆ. ಸುಳ್ಳಿಗೆ ಸಿಟ್ಟು ಬಹಳ ಒಳ್ಳೆಯ ಹೊದಿಕೆ. ಅವಳು ನನ್ನ ಮುಖವನ್ನೇ ನೋಡಿ, "ಹೌದು, ಟೈಪಿಂಗಿನ್ಯಾಗ ನಂದ ಎಲ್ಲ್ಯರ ತಪ್ಪತೈತಿ" ಎಂದು ಚೀಟಿಗಳನ್ನು ಮತ್ತೆ ಮೊದಲಿನಿಂದ ತಿರುವಿದಳು.

ಯಾಕೆ ಹೇಳಲಿಲ್ಲ? ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಬಚ್ಚಿಟ್ಟ ಸಾಮಾನು ಎಂದರೆ ಕಳ್ಳತನ ಎನ್ನುತ್ತಾರೆ ಎಂಬ ಹೆದರಿಕೆ ಇತ್ತು, ಅದು ಖರೆ. ಅದಕ್ಕಿಂತ ದೊಡ್ಡದು ಇನ್ನೊಂದು. ತಳವನ್ನೂ ಆ ಯಂತ್ರಕ್ಕೆ ಒಪ್ಪಿಸಿಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತದೆ? ಕೀಲಿಕೈ ಹಿಡಿದುಕೊಂಡು ನಿಲ್ಲುವ ಒಬ್ಬ ಆಳು. ಆ ಕೆಲಸಕ್ಕೆ ಯಾರಾದರೂ ಸಾಕು. ಅಕ್ಕ ಸೋಲಲಿ ಎಂದು ನಾನು ಬಯಸಲಿಲ್ಲ. ಕಂಪ್ಯೂಟರ್ ಸೋಲಲಿ ಎಂದು ಬಯಸಿದೆ. ಅವೆರಡೂ ಒಂದೇ ಕುರ್ಚಿಯಲ್ಲಿ ಕೂತಿವೆ ಎಂದು ಕಾಣಲಿಲ್ಲ. ಅಥವಾ ಕಂಡರೂ ಆ ಕಡೆ ನೋಡಲಿಲ್ಲ.

ಎರಡನೆಯ ತಿಂಗಳ ಎಣಿಕೆಯೂ ಕೂಡಲಿಲ್ಲ. ಇನ್ನೊಂದು ತಮಾಷೆ ನಡೆಯಿತು. ತಳದಲ್ಲಿ ಬೆಲ್ಟು ಇದ್ದರೂ ಲೆಕ್ಕದಲ್ಲಿ ಇಲ್ಲದ ಕಾರಣ ಕಂಪ್ಯೂಟರ್ ಆರ್ಡರ್ ಛಾಪಿಸಿ, ಬೇಕಾದದ್ದಕ್ಕಿಂತ ಹೆಚ್ಚು ಬೆಲ್ಟು ಬಂದು ಬಿದ್ದವು. ಸಾವುಕಾರರು ಮೂಲೆಯಲ್ಲಿ ಹೂವಿನ ಹಾರದ ಹಾಗೆ ತೂಗುಹಾಕಿದ್ದ ಬೆಲ್ಟುಗಳನ್ನು ನೋಡಿ, "ಏನೋ, ಬೆಲ್ಟಿನ ಅಂಗಡಿ ಇಡಾವ ಅದಿಯೇನ್?" ಎಂದು ನನ್ನನ್ನು ನೋಡಿ ನಗೆಯಾಡಿದರು. ಆಮೇಲೆ ಅಕ್ಕನ ಕಡೆ ತಿರುಗಿದಾಗ ನಗೆ ಇರಲಿಲ್ಲ.

"ನೋಡ್ರಿ ಅಕ್ಕಾರ, ಸಾಮಾನು ಕಡಿಮಿ ಬೀಳಾಕತ್ತೈತಿ ಅಂದ್ರ ಎರಡ ಕಾರಣ. ಇಲ್ಲೆ ಕಳ್ಳರ ಅದಾರ, ಇಲ್ಲಾ ನಿಮಗ ಈ ಕೆಲಸ ಬರೂದಿಲ್ಲ. ಇಷ್ಟು ವರ್ಷದಾಗ ನನ್ನ ಸ್ಟೋರಿನ್ಯಾಗ ಕಳವು ಆಗಿಲ್ಲ. ನಿಮ್ಮ ತಮ್ಮ ಅಂಥಾವ ಅಲ್ಲ. ಇನ್ನೊಂದು ಸಲ ಎಣಸ್ತೀವಿ. ಕಡೀದ್ದು."

ನನ್ನನ್ನು ಹೊಗಳಿದ ಮಾತಿನಿಂದಲೇ ಅವಳನ್ನು ಹೊಡೆದರು. ನಾನು ಅಲ್ಲೇ ನಿಂತಿದ್ದೆ.

ಶನಿವಾರ ತುಳಸಿಗೇರಿಗೆ ಹೋಗಿ ಹಣಮಪ್ಪನ ಮುಂದೆ ನಿಂತೆ. ಕೈ ಮುಗಿದೆ, ಬೇಡಿಕೊಳ್ಳಲು ಬಾಯಿ ಬರಲಿಲ್ಲ. ಏನೆಂದು ಬೇಡಲಿ? ಬಾಯಿ ಬಿಟ್ಟು ಹೇಳಬೇಕಾದದ್ದು ಅಲ್ಲಿ ಅಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಒಂದು ನಿರ್ಧಾರ ಮಾಡಿದೆ. ತಳವನ್ನು ಮುಗಿಸಿಬಿಡುತ್ತೇನೆ. ಎಲ್ಲವನ್ನೂ ಕಪಾಟಿಗೆ ತಂದು ಇಡುತ್ತೇನೆ. ಕಡಿಮೆ ಬಿದ್ದದ್ದು ತುಂಬುತ್ತದೆ, ಲೆಕ್ಕ ಕೂಡುತ್ತದೆ, ಅಕ್ಕನ ನೌಕರಿ ಉಳಿಯುತ್ತದೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಆ ಕೊನೆಯ ಮಾತಿಗಾಗಿಯೇ ಆ ನಿರ್ಧಾರ ನನಗೆ ಅಷ್ಟು ಹಿಡಿಸಿತ್ತು.

ಎಣಿಕೆಯ ಮುನ್ನಾದಿನ ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಖಣಿ, ಕಾರ್ಖಾನೆ ಎರಡೂ ಬಂದ್. ಯಂತ್ರಗಳಿಗೆ ನೀರು ಹಾಕಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದರೆ ಅಂದಿನ ಕೆಲಸ ಮುಗಿಯಿತು. ಕೀಲಿಕೈ ನನ್ನದೇ. ಪೂಜೆ ಮಾಡುವ ನೆಪದಲ್ಲಿ ಬೆಳಿಗ್ಗೆ ಹೋದೆ. ಕಂಪ್ರೆಸರಿಗೆ ಕಾಯಿ ಒಡೆದು ಸ್ಟೋರಿನ ಬಾಗಿಲು ಒಳಗಿನಿಂದ ಹಾಕಿಕೊಂಡು ತಳ ಎತ್ತಲು ಶುರು ಮಾಡಿದೆ.

ಗೋಣಿ ಸರಿಸುತ್ತ ಹೋದಂತೆ ನನಗೇ ದಿಗಿಲಾಯಿತು. ವರ್ಷಗಳಿಂದ ಕೂಡಿ ಹಾಕಿದ್ದು. ಕೆಲವು ಸಾಮಾನು ಅಲ್ಲಿವೆ ಎಂಬುದನ್ನೇ ಮರೆತಿದ್ದೆ. ಯಾವುದು ಎಷ್ಟು ಕಡಿಮೆ ಬಿದ್ದಿದೆ ಎಂಬ ಪಟ್ಟಿ ಅಕ್ಕನ ಕೋಣೆಯಲ್ಲಿತ್ತು. ಅವಳನ್ನು ಕೇಳಿದರೆ ಯಾಕೆ ಎಂದು ಕೇಳುತ್ತಾಳೆ. ಹಾಗಾಗಿ ಅಂದಾಜಿನ ಮೇಲೆ ಇಟ್ಟೆ. ಅಂದಾಜು ಎಂದರೇನು, ಎಲ್ಲವನ್ನೂ ಇಟ್ಟೆ. ಮತ್ತೆ ಬಚ್ಚಿಡಲು ಮನಸ್ಸು ಒಪ್ಪಲಿಲ್ಲ. ಬಟ್ಟೆ ಬಿಚ್ಚಿ, ಗ್ರೀಸು ಒರೆಸಿ, ಬೇರಿಂಗಿನ ಸಾಲಿನಲ್ಲಿ ಬೇರಿಂಗು, ರಾಡಿನ ಸಾಲಿನಲ್ಲಿ ರಾಡು. ಮೈ ತುಂಬ ಬೆವರು. ಮುಗಿಸಿ ಬಾಗಿಲು ತೆರೆದಾಗ ಎದೆ ಹಗುರಾಗಿತ್ತು. ಬಾಯಿಂದ ಒಪ್ಪಲಾಗದ್ದನ್ನು ಕೈಯಿಂದ ಒಪ್ಪಿದ್ದೇನೆ, ಅಷ್ಟು ಸಾಕು ಎಂದುಕೊಂಡೆ.

ಮರುದಿನ ಸಾವುಕಾರರೇ ಕುರ್ಚಿ ಹಾಕಿಸಿಕೊಂಡು ಸ್ಟೋರಿನಲ್ಲಿ ಕೂತರು. ಎಂಜಿನಿಯರ್ ಪಟ್ಟಿ ಹಿಡಿದು ನಂಬರು ಕೂಗುತ್ತಿದ್ದ, ಮಿಸ್ತ್ರಿ ಮತ್ತು ನಾನು ಎಣಿಸುತ್ತಿದ್ದೆವು, ಅಕ್ಕ ಬರೆದುಕೊಳ್ಳುತ್ತಿದ್ದಳು. ಮೊದಲ ನಂಬರೇ ಹೆಚ್ಚು ಬಂತು. ಎರಡನೆಯದೂ ಹೆಚ್ಚು. ಕಳೆದ ಸಲ ಕಡಿಮೆ ಬಿದ್ದಿದ್ದ ರಾಡು ಈ ಸಲ ಪಟ್ಟಿಗಿಂತ ಎಷ್ಟೋ ಹೆಚ್ಚು. ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂದಿದ್ದ ಬೇರಿಂಗು ಕಪಾಟಿನಲ್ಲಿ ಸಾಲಾಗಿ ಕೂತಿತ್ತು.

ಮಿಸ್ತ್ರಿ ತಲೆ ಕೆರೆದುಕೊಂಡರು. "ಸಾವ್ಕಾರ್ರ, ಕಳ್ಳರು ಒಯ್ದಿದ್ದನ್ನ ತಂದ್ ಇಟ್ಟು ಹೋಗ್ಯಾರ ನೋಡ್ರಿ! ಇಂಥಾ ಕಳ್ಳರು ಇಳಕಲ್ಲಾಗ ಮಾತ್ರ!"

ಎಲ್ಲರೂ ಘೊಳ್ಳೆಂದು ನಕ್ಕರು. ಸಾವುಕಾರರೂ ನಕ್ಕರು. ಎಂಜಿನಿಯರ್ ಮಾತ್ರ ನಗಲಿಲ್ಲ.

"ಕಳ್ಳತನ ಅಲ್ಲ ಸಾರ್ ಇದು. ಕಳ್ಳತನ ಆಗಿದ್ರೆ ಕಡಿಮೆ ಆಗೋದು, ಹೆಚ್ಚಾಗಲ್ಲ. ಹೋದ ಸಲ ಕಡಿಮೆ, ಈ ಸಲ ಜಾಸ್ತಿ. ಎಂಟ್ರಿನೇ ನಂಬೋ ಹಾಗಿಲ್ಲ" ಎಂದ.

ಕಡಿಮೆಯಾಗಿಯೇ ಉಳಿದಿದ್ದರೆ ಕಳವಿನ ಅನುಮಾನವಾದರೂ ಇರುತ್ತಿತ್ತು, ನನ್ನ ಮೇಲೂ ಒಂದು ಕಣ್ಣು ಬೀಳುತ್ತಿತ್ತು. ನಾನು ತುಂಬಿ ಇಟ್ಟದ್ದರಿಂದ ಆ ಬಾಗಿಲೂ ಮುಚ್ಚಿತು. ಉಳಿದದ್ದು ಒಂದೇ. ಅಕ್ಕನ ಕೈ.

ಅಕ್ಕ ಪೆನ್ನು ಕೆಳಗಿಟ್ಟು ತಾನೇ ಕಪಾಟಿನ ಹತ್ತಿರ ಹೋದಳು. ಒಂದೊಂದೇ ಬೇರಿಂಗು ಎತ್ತಿ ನೋಡಿದಳು. ಕೆಳಗಿನ ಸಾಲಿನ ಹಿಂದಿನಿಂದ ಒಂದನ್ನು ತೆಗೆದಳು. ಅವಸರದಲ್ಲಿ ನಾನು ಬಟ್ಟೆ ಬಿಚ್ಚುವುದನ್ನು ಮರೆತದ್ದು. ಗ್ರೀಸಿನಿಂದ ಕಪ್ಪಾಗಿದ್ದರೂ ಅದರ ಒಂದು ಮೂಲೆಯಲ್ಲಿ ಕೆಂಪು ಉಳಿದಿತ್ತು, ಕೆಂಪಿನ ಮೇಲೆ ಬಿಳಿಯ ತೆನೆ. ಇಳಕಲ್ಲ ಸೀರೆಯ ಸೆರಗು. ನಮ್ಮ ಊರಿನಲ್ಲಿ ಅಂಥ ಸೆರಗು ಮನೆಗೊಂದು. ಆದರೆ ಆ ತೆನೆಯ ಪಕ್ಕದಲ್ಲಿ ಹಸಿರು ದಾರದಿಂದ ಹೊಲಿದ ತೇಪೆ ಇತ್ತು. ಅವ್ವನ ಸೀರೆಗೆ ಆ ತೇಪೆ ಹಾಕಿದವಳು ಅಕ್ಕನೇ.

ಅವಳು ಬಟ್ಟೆಯನ್ನು ನಿಧಾನವಾಗಿ ಬಿಚ್ಚಿದಳು. ಬೇರಿಂಗನ್ನು ಸಾಲಿನಲ್ಲಿಟ್ಟಳು. ನನ್ನ ಕಡೆ ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಲೆಕ್ಕ ಕೂಡಿದವರ ನೋಟ ಅದು. ಕೊನೆಗೂ ಎಲ್ಲ ಅಂಕಿಗಳೂ ಅವಳಿಗೆ ಕೂಡಿ ಬಂದಿದ್ದವು.

"ಅಕ್ಕಾರ, ಏನರ ಹೇಳೂದು ಐತೇನ್ರಿ?" ಎಂದರು ಸಾವುಕಾರರು.

ಒಂದು ಮಾತು ಸಾಕಾಗಿತ್ತು. ಈ ಬಟ್ಟೆ ಯಾರ ಮನೆಯದು ಎಂದು ತಮ್ಮನನ್ನು ಕೇಳಿರಿ ಎಂದಿದ್ದರೆ ಆಗಿತ್ತು. ಅವಳು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಗ್ರೀಸು ಒಳಗಾಗುವ ಹಾಗೆ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನಿಲ್ರಿ" ಎಂದಳು.

ಸಾವುಕಾರರು ನನ್ನ ಕಡೆ ತಿರುಗಿದರು. "ನೀ ಏನಂತೀಯೋ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಇಷ್ಟು ವರ್ಷ 'ಇತ್ರಿ' ಎಂದಾಗ ನೋಡುತ್ತಿದ್ದ ಹಾಗೆಯೇ.

"ಧೂಳ ಭಾಳ ಐತ್ರಿ ಇಲ್ಲಿ" ಎಂದೆ. "ಆ ಮಿಷನ್ನಿಗೆ ಆಗಿಬರೂದಿಲ್ಲ."

ಇಷ್ಟೇ ಬಂತು ನನ್ನ ಬಾಯಿಂದ. ಒಡಹುಟ್ಟಿದವಳ ನೌಕರಿ ಹೋಗುತ್ತಿರುವಾಗ ನಾನು ಆಡಿದ ಮಾತು ಧೂಳಿನ ಬಗ್ಗೆ.

ಆ ತಿಂಗಳು ಮುಗಿದ ಮೇಲೆ ಅಕ್ಕ ಬಾಗಲಕೋಟೆಗೆ ಹೋದಳು. ಹುಬ್ಬಳ್ಳಿಯಿಂದ ಬೇರೆ ಹುಡುಗಿ ಬಂದಳು. ತಳ ಇರಲಿಲ್ಲವಲ್ಲ, ಎಲ್ಲವೂ ಕಪಾಟಿನಲ್ಲಿಯೇ ಇತ್ತು. ಹೊಸದಾಗಿ ಎಣಿಸಿ, ಅಕ್ಕ ತಂದಿದ್ದ ಸಾಲು ನಂಬರಿನ ಚೀಟಿಗಳನ್ನೇ ಮುಂದುವರಿಸಿದರು. ಮುಂದಿನ ತಿಂಗಳು ಲೆಕ್ಕ ಚೊಕ್ಕವಾಗಿ ಕೂಡಿತು. ಸಾವುಕಾರರು ಪೇಢೆ ಹಂಚಿದರು. "ಕಲ್ತವರು ಬಂದ್ರ ಹಿಂಗ ಇರತೈತಿ ನೋಡ್ರಿ" ಎಂದರು. ಗಡಿಯನ್ನು ಹೊಸ ಕಲ್ಲಿಗೆ ತಕ್ಕಂತೆ ಏರಿಸಿದರು, ಸಾವುಕಾರರು ಊರಲ್ಲಿ ಇಲ್ಲದಾಗ ಸಹಿ ಹಾಕಲು ಮ್ಯಾನೇಜರಿಗೆ ಅಧಿಕಾರ ಕೊಟ್ಟರು. ಖರೀದಿ ನೀರು ಹರಿದ ಹಾಗೆ ನಡೆಯತೊಡಗಿತು. ರಾಡಿಗಾಗಿ ಖಣಿ ಮತ್ತೆ ನಿಂತದ್ದು ನನಗೆ ನೆನಪಿಲ್ಲ. ಪೇಢೆ ನನ್ನ ಕೈಯಲ್ಲಿಯೇ ಉಳಿದು ಹಿಟ್ಟಾಯಿತು. ಕಂಪ್ಯೂಟರಿಗೆ ಬೈಯಲೂ ನನಗೆ ಈಗ ನೆಪವಿರಲಿಲ್ಲ. ಅದು ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು.

ಬಹಳ ದಿನ ತಡೆದು ಬಾಗಲಕೋಟೆಗೆ ಹೋದೆ. ಅಕ್ಕ ಟೈಪಿಂಗ್ ಕಲಿಸುವ ಒಂದು ಕಡೆ ಕೆಲಸ ಹಿಡಿದಿದ್ದಳು. ಪರ್ಮನೆಂಟ್ ಅಲ್ಲ. ಸೋದರತ್ತೆಯ ಮನೆಯ ಹಿಂದಿನ ಒಂದು ಅಂಕಣದಲ್ಲಿ ಇರುತ್ತಿದ್ದಳು. ರೊಟ್ಟಿ ಬಡಿಯುತ್ತ, ನನ್ನ ಮಕ್ಕಳ ಸಾಲಿಯ ಬಗ್ಗೆ, ನನ್ನ ಹೆಂಡತಿಯ ಆರೋಗ್ಯದ ಬಗ್ಗೆ ಕೇಳಿದಳು. ಒಲೆಯ ಪಕ್ಕ ಹಿಟ್ಟಿನ ಡಬ್ಬಿಗೆ ಮುಚ್ಚಿದ ಬಟ್ಟೆ ಕಂಡಿತು. ಒಗೆದೊಗೆದು ಗ್ರೀಸು ಹೋಗಿತ್ತು. ಹಸಿರು ತೇಪೆ ಹಾಗೆಯೇ ಇತ್ತು.

"ಅಕ್ಕಾ, ಆ ಸಾಮಾನು ಎಲ್ಲಾ ನಾನ..." ಎಂದು ಶುರು ಮಾಡಿದೆ. ಪೂರ್ತಿ ಹೇಳಿದೆ. ತಳದ್ದು, ರಾಡಿನದ್ದು, ಅಮಾವಾಸ್ಯೆಯದು, ಎಲ್ಲ. "ಅವ್ವ ಬಿಡತಿದ್ಲಲ್ಲ ತಳಾ, ಹಂಗ ನಾನೂ..."

ಅವಳು ರೊಟ್ಟಿ ತಿರುವಿ ಹಾಕಿದಳು.

"ಅವ್ವ ತಳಾ ಬಿಡತಿದ್ಲು, ಖರೆ. ಎಷ್ಟು ಬಿಟ್ಟೇನಿ ಅಂತ ಮನಿ ಮಂದಿಗೆಲ್ಲಾ ಹೇಳಿ ಬಿಡತಿದ್ಲು."

ರೊಟ್ಟಿ ಉಬ್ಬಿತು. ಅದನ್ನು ನನ್ನ ತಾಟಿಗೆ ಹಾಕಿ ಕೇಳಿದಳು.

"ಸಾವ್ಕಾರ್ರಿಗೆ ಹೇಳಿದ್ಯಾ?"

"ಇಲ್ಲ."

"ಮಿಸ್ತ್ರಿಗೆ? ಆ ಬೆಂಗಳೂರಿನ ಹುಡುಗಗ?"

"ಇಲ್ಲಕ್ಕಾ."

"ಹಂಗಾದ್ರ ನನ್ನ ಮುಂದ ಯಾಕ ಹೇಳಾಕತ್ತಿ ತಮ್ಮಾ? ನನಗ ಅವತ್ತ ಗೊತ್ತಾಗೇತಿ. ಉಣ್ಣು, ಆರತೈತಿ."

ಮರುದಿನ ಕೆಲಸಕ್ಕೆ ಹೋದೆ. ಸಾವುಕಾರರ ಕೋಣೆಯ ಮುಂದೆ ಒಂದು ಸಲ ನಿಂತೆ. ಒಳಗೆ ಯಾರೋ ಇದ್ದರು. ತಿರುಗಿ ಬಂದು ಚೀಟಿ ಬರೆದು ಕಿಂಡಿಯಲ್ಲಿ ಹಾಕಿದೆ. ಹೊಸ ಹುಡುಗಿಯ ಕೈ ಬಂದು ತೆಗೆದುಕೊಂಡಿತು. ಹಾಗೆಯೇ ವರ್ಷಗಳು ಹೋದವು.

ಸಾವುಕಾರರು ಈಗಿಲ್ಲ. ಮಿಸ್ತ್ರಿ ಇದ್ದಾರೆ, ಆ ಬೆಂಗಳೂರಿನ ಎಂಜಿನಿಯರೂ ಎಲ್ಲಿಯೋ ಇರಬಹುದು. ಅಂದು ಸ್ಟೋರಿನಲ್ಲಿ ನಿಂತು ನಕ್ಕವರಲ್ಲಿ ಯಾರ ಕೈಗಾದರೂ ಇದು ಸಿಕ್ಕರೆ ಒಂದು ಮಾತು ತಿಳಿದಿರಲಿ. ಆ ಮೂರು ತಿಂಗಳು ಅಕ್ಕ ಟೈಪ್ ಮಾಡಿದ್ದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.